ಬರೆಯದ ಸಂವಿಧಾನದ ಬೆನ್ನು ಹತ್ತಿ

ರಾಜ್ಯಶಾಸ್ತ್ರ ಕಲಿಸುವವರಿಗೆ ನಗೆಯ ಬರ ಬೀಳುವುದಿಲ್ಲ, ಅದರಲ್ಲೂ ಬ್ರಿಟನ್ನಿನ ಸಂವಿಧಾನ ಕಲಿಸುವವರಿಗೆ. ಆ ಸಂವಿಧಾನ ಒಂದು ಪುಸ್ತಕದಲ್ಲಿ ಬರೆದಿಟ್ಟದ್ದಲ್ಲ. ರಾಜರ ಜೊತೆ ಜಗಳಾಡಿ ಪಡೆದ ಸನ್ನದು, ಪಾರ್ಲಿಮೆಂಟಿನ ಕಾಯಿದೆ, ಕೋರ್ಟಿನ ತೀರ್ಪು, ಹಿಂದಿನವರು ಮಾಡಿದರೆಂದು ಇಂದಿನವರೂ ಮಾಡುವ ಪದ್ಧತಿ, ಇವೆಲ್ಲ ಕೂಡಿ ನೂರಾರು ವರ್ಷ ಬೆಳೆದು ಬಂದದ್ದು. ಅದಕ್ಕೇ ಅಲಿಖಿತ ಸಂವಿಧಾನ ಅನ್ನುವುದು. ಪರೀಕ್ಷೆಯಲ್ಲಿ 'ಅಲಿಖಿತ ಸಂವಿಧಾನ'ದ ಪ್ರಶ್ನೆ ಬಂದಾಗೆಲ್ಲ ಒಬ್ಬರಾದರೂ ಹಾಳೆ ಖಾಲಿ ಬಿಟ್ಟು, "ಬರದ್ರ ತಪ್ಪಾಗ್ತದಲ್ರಿ ಮೇಡಂ" ಅನ್ನುತ್ತಾರೆ. ಆ ಜೋಕಿಗೆ ನಾನು ನಗುವುದನ್ನು ಬಿಟ್ಟು ವರ್ಷಗಳಾದವು. ಆದರೆ ಈ ಪಾಠ ಬಂತೆಂದರೆ ನನಗೆ ಇವತ್ತಿಗೂ ಹಬ್ಬ! ಅದನ್ನು ಹೊತ್ತು ಐದು ಊರು ತಿರುಗಿದ್ದೇನೆ, ಐದೂ ಊರಿನಲ್ಲಿ ಏನಾದರೊಂದು ಆಗಿದೆ.

ಸೇಡಂ: ಸ್ಟಾಕ್ ಇಲ್ಲ

ಕಾಲೇಜಿಗೆ ತಪಾಸಣೆ ತಂಡ ಬರುವುದಿತ್ತು. ನಮ್ಮ ಪ್ರಿನ್ಸಿಪಾಲರು ಗಣಿತದವರು. ಲೈಬ್ರರಿಯಲ್ಲಿ ಸುತ್ತಾಡಿ ಬಂದು ನನ್ನನ್ನು ಕೇಳಿದರು: "ಮೇಡಂ, ಭಾರತದ ಸಂವಿಧಾನ ಅದ, ಅಮೆರಿಕಾದ್ದು ಅದ. ಬ್ರಿಟನ್ನಿಂದು ಯಾಕಿಲ್ರಿ?"

"ಸರ್, ಅದು ಪುಸ್ತಕದಾಗ ಇಲ್ರಿ."

"ಅದಕ್ಕೇ ಕೇಳ್ಲಿಕತ್ತೀನಿ, ಯಾಕಿಲ್ಲ? ತರಸ್ರಿ!"

ನಾನು ವಿವರಿಸುವಷ್ಟರಲ್ಲಿ ಅವರು ಲೈಬ್ರರಿಯನ್‌ರನ್ನು ಹೈದರಾಬಾದಿನ ಬಸ್ಸು ಹತ್ತಿಸಿಯಾಗಿತ್ತು. ಪಾಪ, ಮರುದಿನ ಲೈಬ್ರರಿಯನ್ ಬರಿಗೈಯಲ್ಲಿ ಬಂದರು, ಮುಖ ಮಾತ್ರ ಗೆದ್ದವರದು.

"ಎಲ್ಲಾ ದುಕಾನ ತಿರುಗಿದೆ ಸರ್. ಒಬ್ಬಾವನೂ ಇಲ್ಲಂತ ಹೇಳ್ಲಿಲ್ಲ. ಸ್ಟಾಕ್ ಖತಂ ಆಗ್ಯಾದಂತ. ಹಳೇ ರಾಣಿ ತೀರಿಕೊಂಡ್ರಲ್ರಿ, ಹೊಸ ರಾಜಾನ ಫೋಟೋ ಹಾಕಿ ಹೊಸಾ ಎಡಿಶನ್ ಬರ್ತದಂತ!"

ಚಿತ್ತಾಪುರ: ರೂಲ್ಸ್ ಏನಿಲ್ಲ

ಚಿತ್ತಾಪುರದಲ್ಲಿ ಬಾಡಿಗೆ ಮನೆ ಹಿಡಿದೆ. ಮನೆಯೊಡತಿ ಮಡಿಯ ಅಜ್ಜಿ. ಮೊದಲ ದಿನವೇ ಕೇಳಿದೆ: "ರೂಲ್ಸ್ ಏನರೆ ಅವ ಏನ್ರಿ?"

"ಏನಿಲ್ಲ ತಾಯಿ. ನಿನ್ನ ಮನಿ ಅಂತ ತಿಳ್ಕೊಂಡು ಇರು."

ಮರುದಿನ ಅಂಗಳದಲ್ಲಿ ಚಪ್ಪಲಿ ಬಿಟ್ಟೆ. "ಅಲ್ಲಿ ಬಿಡಂಗಿಲ್ಲವಾ. ಹಿಂದ ಬ್ಯಾಂಕಿನವರು ಇದ್ರು, ಅವರ ಚಪ್ಪಲ್ ನಾಯಿ ಒಯ್ತು. ಆವಾಗಿಂದ ಬಂದ್." ಸಂಜೆ ಬಾವಿಕಟ್ಟೆಯ ಮೇಲೆ ಕೂತೆ. "ಅಲ್ಲಿ ಕೂಡಂಗಿಲ್ಲ. ನರ್ಸಬಾಯಿ ಕುಂತಾಗ ಆಕಿ ಮೊಬೈಲ್ ಬಾವಿಗೆ ಬಿತ್ತು. ಆವಾಗಿಂದ ಬಂದ್."

ನನಗೆ ಎಷ್ಟು ಆನಂದವಾಯಿತೆಂದರೆ, ಕುಣಿಯುವುದೊಂದು ಬಾಕಿ! ಒಂದು ಘಟನೆ, ಅದಕ್ಕೊಂದು ತೀರ್ಪು, ಮುಂದೆ ಅದೇ ಕಾನೂನು. ಬ್ರಿಟನ್ನಿನ ಸಂವಿಧಾನ ಬೆಳೆದದ್ದೇ ಹೀಗೆ! ಅಂದಿನಿಂದ ನಸುಕಿನಲ್ಲಿ ಎದ್ದು, ಅಜ್ಜಿಯ ಉದಾಹರಣೆ ಸೇರಿಸಿ, ಗಟ್ಟಿ ದನಿಯಲ್ಲಿ ಪಾಠದ ತಾಲೀಮು ಶುರು ಮಾಡಿದೆ.

ವರ್ಗವಾಗಿ ಮನೆ ಬಿಡುವ ದಿನ ಹೊಸ ಬಾಡಿಗೆಯವರು ಬಂದಿದ್ದರು. ಅವರೂ ರೂಲ್ಸ್ ಕೇಳಿದರು.

"ಏನಿಲ್ಲಪ್ಪ," ಅಂದರು ಅಜ್ಜಿ. "ನಸುಕಿನ್ಯಾಗ ಭಾಷಣ ಒಂದು ಮಾಡಬ್ಯಾಡ್ರಿ. ಈ ಮೇಡಂ ಮಾಡಿ ನನ್ನ ನಿದ್ದಿ ಹೋಯ್ತು. ಆವಾಗಿಂದ ಬಂದ್."

ವಾಡಿ: ಅಚ್ಛಾ, ಅಚ್ಛಾ

ವಾಡಿಯ ಕಾಲೇಜಿಗೆ ದೂರದ ರಾಜ್ಯದಿಂದ ಒಬ್ಬ ಪ್ರಿನ್ಸಿಪಾಲರು ಬಂದರು. ಭಾಳ ಸಜ್ಜನರು, ಕನ್ನಡ ಮಾತ್ರ ಒಂದಕ್ಷರ ಬರದು. ಸ್ಟಾಫ್ ಮೀಟಿಂಗಿನಲ್ಲಿ ನಾವು ಕನ್ನಡದಲ್ಲಿ ಕಚ್ಚಾಡುತ್ತಿದ್ದರೆ ಅವರು "ಅಚ್ಛಾ, ಅಚ್ಛಾ" ಅಂತ ನಗುತ್ತ ಕೂಡುತ್ತಿದ್ದರು. ಕೊನೆಗೆ ಬೇಸತ್ತು, ಮೀಟಿಂಗನ್ನು ಎಲ್ಲರಿಗಿಂತ ಹಿರಿಯರಾದ ಅರ್ಥಶಾಸ್ತ್ರದ ಸರ್‌ಗೆ ಒಪ್ಪಿಸಿ, ತಾವು ಬರುವುದನ್ನೇ ಬಿಟ್ಟರು.

ಅದೇ ವಾರ ನನ್ನ ಪಾಠ: ಒಂದನೆಯ ಜಾರ್ಜ್ ರಾಜ ಜರ್ಮನಿಯಿಂದ ಬಂದವನು, ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ಮಂತ್ರಿಗಳ ಸಭೆಗೆ ಬರುವುದನ್ನು ಬಿಟ್ಟ, ಆಗ ಸಭೆ ನಡೆಸಲು ನಿಂತ ಹಿರಿಯ ಮಂತ್ರಿಯೇ ಮುಂದೆ ಪ್ರಧಾನಮಂತ್ರಿ ಅನ್ನಿಸಿಕೊಂಡ. ಹೇಳಿ ಮುಗಿಸುವುದರೊಳಗೆ ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಹಿಂದಿನ ಬೆಂಚಿನಿಂದ ಒಂದು ದನಿ: "ಅಂದ್ರ ನಮ್ಮ ಅರ್ಥಶಾಸ್ತ್ರದ ಸರ್ ಹಂಗಲ್ರಿ?"

ಬೈಯಬೇಕಿತ್ತು. ಬೈಯಲು ಬಾಯಿ ತೆಗೆದವಳು ಕಿಟಕಿಯಾಚೆ ನೋಡಿದೆ. ವರಾಂಡದಲ್ಲಿ ಪ್ರಿನ್ಸಿಪಾಲರು ತಾವೇ ಬರೆದ ರಜೆ ಅರ್ಜಿ ಹಿಡಿದು, ಮಂಜೂರು ಮಾಡಿ ಅಂತ ಅರ್ಥಶಾಸ್ತ್ರದ ಸರ್‌ರನ್ನು ಹುಡುಕುತ್ತಿದ್ದರು.

ಶಹಾಬಾದ: ರಕ್ತ ಹರಿಯದ ಕ್ರಾಂತಿ

ಶಹಾಬಾದದ ಬೇಸಿಗೆ ಗೊತ್ತಲ್ಲ. ಬಂಡೆ ಕಾದು ನೆಲವೇ ಹಂಚಾಗುತ್ತದೆ. ಸ್ಟಾಫ್ ರೂಮಿನಲ್ಲಿ ಇದ್ದದ್ದು ಒಂದೇ ಫ್ಯಾನು, ಅದರ ಕೆಳಗಿನ ಕುರ್ಚಿ ಇತಿಹಾಸದ ಹಿರಿಯ ಸರ್‌ದು. ಎಲ್ಲೂ ಬರೆದಿರಲಿಲ್ಲ, ಯಾರೂ ಕೂಡುತ್ತಿರಲಿಲ್ಲ. ಒಂದು ದಿನ ಅವರು ಎದ್ದು ಹೊರಗೆ ಹೋದಾಗ, ಹೊಸದಾಗಿ ಸೇರಿದ್ದ ಕಾಮರ್ಸ್ ಸರ್ ಅದರಲ್ಲಿ ಕೂತುಬಿಟ್ಟರು. ನಾವೆಲ್ಲ ಬಾಗಿಲ ಕಡೆ ನೋಡಿದೆವು.

ಹಿರಿಯರು ಬಂದರು. ಬಾಗಿಲಲ್ಲೇ ನಿಂತರು.

"ಅದು ನನ್ನ ಕುರ್ಚಿ."

"ಎಲ್ಲಿ ಬರದದ ಸರ್?"

ಹಿರಿಯರು ನನ್ನ ಕಡೆ ತಿರುಗಿದರು. "ನೀವೇ ಹೇಳ್ರಿ ಮೇಡಂ. ನಿಮ್ಮ ಸಬ್ಜೆಕ್ಟ್!"

ನನಗೆ ಇದಕ್ಕಿಂತ ಏನು ಬೇಕು? ಎದ್ದು ನಿಂತೆ. ಬರೆಯದ ಪದ್ಧತಿಗೂ ಬಲವಿದೆ ಅಂತ ಹಿರಿಯರ ಪರ ವಾದಿಸಿದೆ. ಕಾಮರ್ಸ್ ಸರ್ ಮನೆಯಲ್ಲಿ ಪಾಠ ಓದಿಕೊಂಡು ಬಂದವರ ಹಾಗೆ ತಿರುಗಿ ಕೇಳಿದರು: "ಆ ರಕ್ತ ಹರಿಯದ ಕ್ರಾಂತಿಯೊಳಗ ಎರಡನೇ ಜೇಮ್ಸ್ ರಾಜಾ ಓಡಿ ಹೋದಾಗ, ಸಿಂಹಾಸನ ಖಾಲಿ ಅದ ಅಂತ ಪಾರ್ಲಿಮೆಂಟೇ ಬೇರೆಯವರನ್ನ ಕೂಡಿಸ್ಲಿಲ್ಲೇನ್ರಿ? ನಾ ಬಂದಾಗ ಇದೂ ಖಾಲಿ ಇತ್ತು."

ಹಿರಿಯರು ಕೆಂಪಗಾದರು. "ಏ ತಮ್ಮಾ, ನಾ ಮೂತ್ರಕ್ಕ ಹೋಗಿದ್ದೆ, ರಾಜ್ಯ ಬಿಟ್ಟು ಓಡಿ ಹೋಗಿದ್ದಿಲ್ಲ!"

ಚಿಂಚೋಳಿ: ರಾಜಮುದ್ರೆ

ಚಿಂಚೋಳಿಯಲ್ಲಿ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾನೇ ನಾಟಕ ಬರೆದೆ. ಜಾನ್ ರಾಜನ ದಬ್ಬಾಳಿಕೆ ತಾಳಲಾರದೆ ಸರದಾರರು ಅವನನ್ನು ನದಿ ದಂಡೆಯಲ್ಲಿ ಅಡ್ಡಗಟ್ಟಿ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಮುದ್ರೆ ಒತ್ತಿಸಿದ ಕಥೆ. ರಾಜನೂ ಸರದಾರರೂ ಎಲ್ಲ ಹುಡುಗಿಯರೇ. ಪ್ರಿನ್ಸಿಪಾಲರಿಗೆ ನಮಗಿಂತ ಹುರುಪು. "ಮುದ್ರೆ ಅಸಲೀನೇ ಇರ್ಲಿ!" ಅಂತ ತಮ್ಮ ಟೇಬಲ್ಲಿನ ಸಿಕ್ಕಾ ಎತ್ತಿ ಕೊಟ್ಟರು.

ಪೆಂಡಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಮೀಸೆ ಹಚ್ಚಿದ ರಾಜ ಗುಡುಗಿದಳು, ಶಿಳ್ಳೆ ಬಿದ್ದವು. ದೊಡ್ಡ ಸರದಾರಳು ಸನ್ನದು ಬಿಚ್ಚಿ ಓದಿದಳು: "ವಿಚಾರಣೆ ಇಲ್ಲದೆ ಯಾರನ್ನೂ ಸೆರೆಗೆ ಹಾಕಬಾರದು!"

ಅಲ್ಲಿಯ ತನಕ ನಾನು ಬರೆದದ್ದೇ. ಆಮೇಲೆ ಬಂದದ್ದು ಹೀಗಿತ್ತು:

"ಕುಡಿಯೋ ನೀರಿನ ಮಿಷನ್ ರಿಪೇರಿ ಆಗ್ಬೇಕು! ಕಡೀ ಬಸ್ ಬರೋತನಕ ಲೈಬ್ರರಿ ತೆರದಿರ್ಬೇಕು, ನಾವು ಬಿಸಿಲಾಗ ನಿಂದ್ರಂಗಿಲ್ಲ!"

ಪರದೆಯ ಹಿಂದಿನಿಂದ ನಾನು ಬೇಡ ಬೇಡ ಅಂತ ಕೈ ಸನ್ನೆ ಮಾಡಿದೆ. ರಾಜ ನನ್ನ ಕಡೆ ನೋಡಲೂ ಇಲ್ಲ. "ಒಪ್ಪೀನಿ!" ಅಂತ ಸಿಕ್ಕಾ ಗುದ್ದಿದಳು. ತಂದೆ ತಾಯಂದಿರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಏನೂ ತಿಳಿಯದ ಮುಖ್ಯ ಅತಿಥಿಗಳು "ವ್ಹಾ! ವ್ಹಾ!" ಅಂತ ತಾವೂ ತಟ್ಟಿದರು.

ಮರುದಿನ ಹುಡುಗಿಯರೆಲ್ಲ ಆ ಕಾಗದ ಹಿಡಿದು ಪ್ರಿನ್ಸಿಪಾಲರ ಮುಂದೆ ನಿಂತಿದ್ದರು. ನನಗೂ ಕರೆ ಬಂತು. ಕಾಗದದ ಅಡಿಯಲ್ಲಿ ಅವರದೇ ಸಿಕ್ಕಾ, ದುಂಡಗೆ, ಸ್ಪಷ್ಟವಾಗಿ.

"ಇದು ನಾಟಕ! ನಡ್ಯಂಗಿಲ್ಲ!" ಅಂದರು ಪ್ರಿನ್ಸಿಪಾಲರು.

ರಾಜನಾಗಿದ್ದ ಹುಡುಗಿ ಕೈ ಕಟ್ಟಿ ಹೇಳಿದಳು: "ಜಾನ್ ರಾಜಾನೂ ಮುದ್ರೆ ಒತ್ತಿದ ಮ್ಯಾಗ ನಡ್ಯಂಗಿಲ್ಲ ಅಂದಿದ್ದನ್ರಿ ಸರ್."

ಅವರು ನನ್ನನ್ನು ನೋಡಿದರು. "ಖರೇನೇನ್ರಿ ಮೇಡಂ?"

"ಖರೇರಿ ಸರ್."

"ಆಮ್ಯಾಗ ಏನಾಯ್ತು?"

"ಯುದ್ಧ ಆಯ್ತ್ರಿ. ಮರುವರ್ಷ ರಾಜ ಸತ್ತ."

"ಯುದ್ಧದಾಗ?"

"ಇಲ್ರಿ ಸರ್. ಭೇದಿ ಹತ್ತಿ."

ಪ್ರಿನ್ಸಿಪಾಲರು ತಮ್ಮ ಟೇಬಲ್ಲಿನ ಮೇಲಿದ್ದ ನೀರಿನ ಗ್ಲಾಸನ್ನು ಒಮ್ಮೆ ದಿಟ್ಟಿಸಿ ನೋಡಿದರು. ಮೆಲ್ಲಗೆ ಅದನ್ನು ದೂರ ಸರಿಸಿದರು. ಆಮೇಲೆ ಬಾಗಿಲ ಕಡೆ ಮುಖ ಮಾಡಿ ಕೂಗಿದರು:

"ಯಾರದೀರಿ ಆಫೀಸಿನ್ಯಾಗ? ಆ ಮಿಷನ್ ರಿಪೇರಿಯವಗ ಈಗಿಂದೀಗ ಬಾ ಅಂತ ಫೋನ್ ಹಚ್ರಿ!"