ಹಂಫ್ರಿಯ ಮುಖದ ಅಚ್ಚು

ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದ ಕಾಲ; ಲಂಡನ್ ಪಾರ್ಲಿಮೆಂಟಿನ ಪಕ್ಷದಲ್ಲಿತ್ತು. ಅಲ್ಲಿನ ಚೀಸ್ ವ್ಯಾಪಾರಿ ಹಂಫ್ರಿ ಟಿಲ್ನಿ ಅಂದು ಸಂಜೆ ವಿಧವೆ ಡಾರ್ಕಸ್‌ಳನ್ನು ಮದುವೆಗೆ ಕೇಳುವವನಿದ್ದ. ಗಡ್ಡ ಬಾಚಿಕೊಂಡು ಅಂಗಡಿ ತೆರೆದರೆ ಗಿರಾಕಿಗಳೆಲ್ಲ ಬೀದಿಯ ಆಚೆ ಬದಿಯಲ್ಲಿ ನಿಂತು ಅವನನ್ನೇ ದಿಟ್ಟಿಸುತ್ತಿದ್ದರು. ಪಕ್ಕದ ಮನೆಯ ಅರ್ಸುಲಾ ಆ ವಾರದ ಸುದ್ದಿಹಾಳೆಯನ್ನು ಅವನ ಮೂಗಿನ ಮುಂದೆ ಹಿಡಿದಳು. ಪಾರ್ಲಿಮೆಂಟಿನ ಕಡೆಯ ಹಳ್ಳಿಗಳನ್ನು ಸುಟ್ಟ ರಾಜನ ದಂಡನಾಯಕ ಎಂಬ ಒಕ್ಕಣೆ. ಮೇಲೆ ಅದೇ ಗಡ್ಡ, ಅದೇ ಸೊಟ್ಟ ಮೂಗು, ಹಂಫ್ರಿಯದೇ ಮುಖ.

ವಾರವೆಲ್ಲ ಅಂಗಡಿಯಲ್ಲೇ ಇದ್ದೆ, ನಿನಗೇ ಚೀಸ್ ತೂಗಿಕೊಟ್ಟೆನಲ್ಲ ಎಂದು ಅವನು ಗೋಗರೆದ.

"ತೂಕದಲ್ಲಿ ಹೊಡೆದೆಯಲ್ಲಪ್ಪ, ಆಗ್ಲೇ ಅನ್ಕೊಂಡೆ, ಇವ್ನು ರಾಜನ ಕಡೆಯೋನೇ ಅಂತ."

ಮೊದಲ ಕೊಳೆತ ಮೊಟ್ಟೆ ಬೀಳುತ್ತಲೇ ಹಂಫ್ರಿ ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನಂತೆ ಆ ಹಾಳೆಯ ಮುದ್ರಕ ಪೆಲ್‌ನ ಮನೆಗೆ ಓಡಿದ. ಕಳೆದ ಚಳಿಗಾಲದಲ್ಲಿ ಒಂದು ಗುಂಡು ಚೀಸನ್ನು ಕೂಲಿಯಾಗಿ ಪಡೆದು ಅವನ ಮುಖವನ್ನು ಮರದ ಅಚ್ಚಿನಲ್ಲಿ ಕೆತ್ತಿದವನು ಈ ಪೆಲ್ಲೇ.

"ನನ್ನತ್ರ ಇರೋದೇ ಎರಡು ಮುಖದ ಅಚ್ಚು ಕಣಯ್ಯ. ಇನ್ನೊಂದು ಬಿಷಪ್ಪಂದು. ಬಿಷಪ್ಪನ ಕೈಲಿ ಹಳ್ಳಿ ಸುಡಿಸ್ಲಾ?"

ಡಾರ್ಕಸ್‌ಳ ಮೊದಲ ಗಂಡ ಪಾರ್ಲಿಮೆಂಟಿನ ಸಿಪಾಯಿಯಾಗಿ ಸತ್ತವನು. ಈ ಹಾಳೆ ನೋಡಿದರೆ ಅವಳು ಬಾಗಿಲೂ ತೆರೆಯಲಾರಳು ಎಂದು ಹಂಫ್ರಿ ಅತ್ತೇಬಿಟ್ಟ. ಪೆಲ್‌ನ ಮನಸ್ಸು ಕರಗಿತು. ಪಾರ್ಲಿಮೆಂಟಿನ ಪಡೆ ಒಂದು ಕೋಟೆ ಗೆದ್ದ ಸುದ್ದಿ ಆಗಷ್ಟೇ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಹಾಳೆ ಹೊರಬಿತ್ತು: ಗೋಡೆ ಹತ್ತಿದ ನಮ್ಮ ವೀರ ಕ್ಯಾಪ್ಟನ್. ಮುಖ ಮಾತ್ರ ಅದೇ.

ಮೊಟ್ಟೆ ಎಸೆದವರೇ ಅವನನ್ನು ಹೆಗಲ ಮೇಲೆ ಹೊತ್ತು ಡಾರ್ಕಸ್‌ಳ ಬಾಗಿಲಿಗೆ ತಂದಿಳಿಸಿದರು. ಅವನು ಬಾಯಿ ತೆರೆಯುವ ಮೊದಲೇ ಅವಳು ನಕ್ಕಳು.

"ಬೆಳಿಗ್ಗೆ ಬಂದ ಹಾಳೆನೂ ನಂಬ್ಲಿಲ್ಲ, ಈಗಿಂದೂ ನಂಬಲ್ಲ. ಇಲಿ ಕಂಡ್ರೆ ಮೇಜು ಹತ್ತೋನು ನೀನು. ಅದಕ್ಕೇ ಮದುವೆಗೆ ಒಪ್ಪಿದೀನಿ. ಸಿಪಾಯಿ ಸಹವಾಸ ಸಾಕಾಗಿದೆ ನಂಗೆ."

ಹಂಫ್ರಿ ಆಕಾಶದಲ್ಲಿ ತೇಲುತ್ತಿರುವಾಗಲೇ ಅವನ ಹೆಗಲ ಮೇಲೊಂದು ಭಾರವಾದ ಕೈ ಬಿತ್ತು. ಸೈನ್ಯಕ್ಕೆ ಜನ ಸೇರಿಸುವ ಸಾರ್ಜೆಂಟ್.

"ನಾನು ಆ ಕ್ಯಾಪ್ಟನ್ ಅಲ್ಲ ಸ್ವಾಮಿ," ಎಂದು ಹಂಫ್ರಿ ತೊದಲಿದ.

"ಗೊತ್ತು. ಆ ಕ್ಯಾಪ್ಟನ್ ಕೈಕೆಳಗೇ ನಾನಿದ್ದೆ, ಅವ್ನು ಬೋಳುಗಲ್ಲದೋನು. ಆದ್ರೆ ಈ ಬೀದಿ ಹುಡುಗ್ರೆಲ್ಲ ನಿನ್ನ ಹಿಂದೆ ಬರ್ತೀವಿ ಅಂತ ಹೆಸರು ಕೊಟ್ಟಾಗಿದೆ. ನಡಿ, ಕುದುರೆ ಕಾಯ್ತಿದೆ."

ಡಾರ್ಕಸ್ ಅವನ ಸೊಂಟದಿಂದ ಅಂಗಡಿಯ ಬೀಗದಕೈ ಬಿಚ್ಚಿಕೊಂಡು, ಗಡ್ಡಕ್ಕೆ ಅಂಟಿದ್ದ ಮೊಟ್ಟೆ ಒರೆಸಿದಳು.

"ಅಂಗಡಿ ನಾನು ನೋಡ್ಕೋತೀನಿ. ನೀನು ಸತ್ತೆ ಅಂತ ಅಚ್ಚು ಹಾಕಿದ್ರೂ ನಂಬಲ್ಲ. ವಾಪಸ್ ಬಂದ್ಬಿಡು."