ನಗಬೇಕಾಗಿಲ್ಲ ಎಂದ ಅಕ್ಕ

ಇದರಲ್ಲಿ ನಿಜವಾಗಿ ನಡೆದದ್ದೆಷ್ಟು, ನಾನು ಹೇಳಿ ಹೇಳಿ ನಡೆಸಿದ್ದೆಷ್ಟು ಎಂದು ನನಗೇ ಖಾತ್ರಿಯಿಲ್ಲ. ನನ್ನ ದೊಡ್ಡಪ್ಪನ ಮಗಳು ಕಡಬದ ಬಸ್ ಕಂಡಕ್ಟರ್ ಒಬ್ಬರಿಗೆ "ನೀವು ಇನ್ನು ನಗಬೇಕಾಗಿಲ್ಲ" ಎಂದು ಅಪ್ಪಣೆ ಕೊಟ್ಟಳೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಅವಳನ್ನು ಕೇಳಿದರೆ ಅದು ಅಪ್ಪಣೆಯಲ್ಲ, ಅವಳ ಸಂಶೋಧನೆಯ ಸಂದರ್ಶನದ ಏಳನೆಯ ಪ್ರಶ್ನೆ ಎನ್ನುತ್ತಾಳೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಎಲ್ಲವನ್ನೂ ಸಂಶಯಿಸುವುದೊಂದೇ. ಅದು ಈಗ ನನ್ನ ನೆನಪಿಗೇ ತಿರುಗಿಬಿದ್ದಿದೆ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಹುಡುಕಿದರೂ, ಯಾರಾದರೂ ನಕ್ಕರೆ ಇಷ್ಟು ಚಿಂತೆಗೆ ಬೀಳುವ ಇನ್ನೊಂದು ಜೀವ ಸಿಗಲಿಕ್ಕಿಲ್ಲ!

ಅಕ್ಕನ ಅಧ್ಯಯನದ ವಿಷಯ ಸಂಸ್ಥೆಗಳೊಳಗಿನ ಸಂವಹನ, ಅದರಲ್ಲೂ ಭಾವಶ್ರಮ. ಕೌಂಟರಿನ ಹಿಂದೆ ನಿಂತವರು ಒಳಗೆ ಇಲ್ಲದ ಖುಷಿಯನ್ನು ಮುಖದ ಮೇಲೆ ಹೊತ್ತು ನಿಲ್ಲುವುದೂ ಒಂದು ದುಡಿಮೆ, ಮೂಟೆ ಹೊತ್ತಷ್ಟೇ ಸುಸ್ತು ಎಂಬ ವಿಚಾರ. ಪಿಎಚ್.ಡಿ. ಬಂದ ದಿನ ಇದನ್ನು ನನ್ನ ಅಮ್ಮನಿಗೆ ವಿವರಿಸಿದಳು. ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ, "ಅದು ನಾವು ಮದುವೆಯಾದಂದಿನಿಂದ ಮಾಡುದೇ ಅಲ್ವಾ? ಅದಕ್ಕೆ ಡಾಕ್ಟರ್ ಮಾಡ್ತಾರಾ?" ಎಂದಳು. ಅಕ್ಕ ಚೀಲದಿಂದ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಪ್ರಬಂಧ ಮುಗಿದಿತ್ತು, ಚಟ ಮುಗಿದಿರಲಿಲ್ಲ.

ನಮ್ಮ ಕಡೆ ಸಮಾರಂಭದ ಊಟದಲ್ಲಿ ಬಡಿಸುವವರ ಹಿಂದೆ ಮನೆಯವರೊಬ್ಬರು "ಸಾವಕಾಶ ಆಗ್ಲಿ" ಎಂದು ಉಪಚಾರ ಹೇಳುತ್ತಾ ಪಂಕ್ತಿಯುದ್ದಕ್ಕೂ ನಡೆಯಬೇಕು. ಮುಖ ಅರಳಿರಬೇಕು. ಸುಳ್ಯದಲ್ಲಿ ನಡೆದ ಒಂದು ಉಪನಯನದಲ್ಲಿ ಆ ಕೆಲಸ ನಮ್ಮ ಚಿಕ್ಕಪ್ಪನ ಪಾಲಿಗೆ ಬಂದಿತ್ತು. ಅಕ್ಕ ಅವರನ್ನು ಪಂಕ್ತಿಯ ಮಧ್ಯದಲ್ಲೇ ತಡೆದಳು.

"ಚಿಕ್ಕಪ್ಪ, ಬೆಳಿಗ್ಗೆಯಿಂದ ನಗ್ತಾ ಇದ್ದೀರಿ. ದವಡೆ ನೋಯುದಿಲ್ವಾ?"

ಆವರೆಗೆ ಯಾರೂ ಕೇಳದಿದ್ದ ಪ್ರಶ್ನೆ. ಚಿಕ್ಕಪ್ಪ ದವಡೆ ಮುಟ್ಟಿ ನೋಡಿಕೊಂಡು, "ನೋಯ್ತದೆ ಮಾರಾಯ್ತಿ" ಎಂದು ಅಲ್ಲೇ ಒಂದು ಕುರ್ಚಿ ಎಳೆದು ಕುಳಿತುಬಿಟ್ಟರು. ಉಪಚಾರವಿಲ್ಲದೆ ಮರ್ಯಾದಸ್ಥರು ಎರಡನೆಯ ಹೋಳಿಗೆ ಹೇಗೆ ಹಾಕಿಸಿಕೊಳ್ಳುವುದು? ಎಲ್ಲರೂ ರೂಢಿಯಂತೆ "ಸಾಕು" ಎಂದರು. ಒತ್ತಾಯಿಸುವವರಿಲ್ಲದೆ ಅದು ಸಾಕೇ ಆಗಿಬಿಟ್ಟಿತು! ಉಳಿದ ಹೋಳಿಗೆಯನ್ನು ನಾವು ಮೂರು ದಿನ ತಿಂದ ನೆನಪು. ಅಮ್ಮ ಒಂದೇ ದಿನ ಎನ್ನುತ್ತಾಳೆ. ನನ್ನ ಹೊಟ್ಟೆಯನ್ನು ನಂಬಬೇಕೋ, ಅಮ್ಮನನ್ನೋ?

ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಇಂಥ ಅಕ್ಕನಿಗೆ ಬಡ್ತಿ ಸಿಕ್ಕಿ ಪ್ರೊಫೆಸರ್ ಆಗುವ ಕೊನೆಯ ಅವಕಾಶ ಬಂತು. ಎರಡು ಸಲ ಕೈತಪ್ಪಿತ್ತು, ನಿವೃತ್ತಿ ಹತ್ತಿರವಿತ್ತು. ಹೊರದೇಶದ ವಿದ್ವಾಂಸರು ಅವಳ ಲೇಖನಗಳನ್ನು ಉಲ್ಲೇಖಿಸಿದ್ದರು, ಅದು ಸಾಲದಂತೆ. ಅರ್ಜಿಯಲ್ಲಿ ಒಂದು ಕಾಲಂ: ನಿಮ್ಮ ಸಂಶೋಧನೆಯಿಂದ ಸಮಾಜದಲ್ಲಿ ಬದಲಾದದ್ದೇನು? ಹೆಸರು, ಸಹಿ ಸಮೇತ ಆಧಾರ ಕೊಡಿ. ಸರಿ, ಸಮಾಜ ಬದಲಾಗಿದೆಯೇ ಎಂದು ನೋಡಿ ಬರಲು ನನ್ನ ಕಾರಿನಲ್ಲಿ ಹೊರಟೆವು.

ಮೊದಲು ಕಡಬದ ಆ ಕಂಡಕ್ಟರ್. "ನೀವು ಕೇಳಿದ ಮೇಲೆ ನಾನು ನಗುದು ಬಿಟ್ಟೆ ಮೇಡಂ" ಎಂದರು. ಅಕ್ಕ ಪೆನ್ನು ತೆಗೆದಳು. "ಒಂದು ವಾರ. ಮನೆಯಲ್ಲಿ ಎಂತ ಆಯ್ತು ಅಂತ ಬಸ್ಸಿಡೀ ಕೇಳ್ಲಿಕ್ಕೆ ಶುರು. ಉತ್ತರ ಹೇಳುದಕ್ಕಿಂತ ನಗುದೇ ಸುಲಭ." ಪೆನ್ನು ಒಳಗೆ ಹೋಯಿತು.

ನೆಟ್ಟಣದಲ್ಲಿ ಅವಳು ಮಾತಾಡಿಸಿದ್ದ ಹೋಟೆಲಿನವರು ಹೋಟೆಲು ಮುಚ್ಚಿ, ಮರ ಕೆತ್ತಿ ಹಾಲು ಇಳಿಸುವ ರಬ್ಬರ್ ಟ್ಯಾಪಿಂಗಿಗೆ ಇಳಿದಿದ್ದರು. ರಬ್ಬರ್ ಮರದೆದುರು ಯಾರೂ ನಗಬೇಕಾಗಿಲ್ಲವಲ್ಲ! ಇದನ್ನೇ ಬದಲಾವಣೆ ಎಂದು ಬರೆ ಎಂದೆ. ಅಕ್ಕ ಹೋಗಿ ಕಾರಿನಲ್ಲಿ ಕುಳಿತಳು.

ಕೊನೆಗೆ ಪುತ್ತೂರಿನ ಒಂದು ಆಸ್ಪತ್ರೆ, ಯಾವುದೆಂದು ಬರೆಯುವುದಿಲ್ಲ. ಅಲ್ಲಿಯ ದಾದಿಯೊಬ್ಬಳು ಹಿಂದೊಮ್ಮೆ ಅಕ್ಕನಿಗೆ ಹೇಳಿದ್ದಳಂತೆ: ಒಂದು ಮನೆಯವರಿಗೆ ಸಾವಿನ ಸುದ್ದಿ ತಿಳಿಸಿ ಈಚೆ ತಿರುಗಿದರೆ, ಮಗು ಹುಟ್ಟಿದ ಖುಷಿಯಲ್ಲಿ ಇನ್ನೊಂದು ಮನೆಯವರು ಪೇಡಾ ಹಿಡಿದು ನಿಂತಿರುತ್ತಾರೆ. ನಕ್ಕು ತಿನ್ನಬೇಕು. ಅಕ್ಕ ಒಬ್ಬಳೇ ಒಳಗೆ ಹೋದಳು. ಅರ್ಧ ಗಂಟೆ ಬಿಟ್ಟು ಬಂದು ಕಾರಿನಲ್ಲಿ ಕುಳಿತು ಮೂಗು ಒರೆಸಿಕೊಂಡಳು. ಆಧಾರ ಸಿಕ್ಕಿತೇ ಎಂದು ಕೇಳಿದೆ.

"ಸಿಕ್ಕಿತು. ನನ್ನ ಲೇಖನವನ್ನು ಅವಳು ಮೇಲಿನವರಿಗೆ ತೋರಿಸಿದ್ದಾಳೆ. ಈಗ ಸಾವು ತಿಳಿಸಿ ಬಂದವರಿಗೆ ಒಂದು ಕೋಣೆ ಉಂಟಂತೆ. ಹೋಗಿ ಕೂತ್ಕೊಳ್ಬಹುದು. ಯಾರೂ ಕರೆಯುದಿಲ್ಲ."

"ಮತ್ತೆಂತ? ಬರಿ."

"ಬರೆದ್ರೆ ಅವಳ ಹೆಸರು ಹಾಕ್ಬೇಕಾಗ್ತದೆ ಮಾರಾಯ. ಎಲ್ಲಿಯೂ ಹೇಳುದಿಲ್ಲ ಅಂತ ಮಾತು ಕೊಟ್ಟಿದ್ದೇನೆ."

"ಒಮ್ಮೆ ಕೇಳಿ ನೋಡು. ಒಪ್ಪಬಹುದು."

"ನಾನು ಕೇಳಿದ್ರೆ ಅವಳು ನಗ್ತಾ ಒಪ್ತಾಳೆ. ಅದಕ್ಕೇ ಕೇಳುದಿಲ್ಲ."

ಕಾಲಂ ಖಾಲಿಯೇ ಹೋಯಿತು. ಅಕ್ಕ ಪ್ರೊಫೆಸರ್ ಆಗದೆಯೇ ನಿವೃತ್ತಳಾದಳು. ಬೇಸರವೇ? ಈಗ ದಿನಾ ಮಧ್ಯಾಹ್ನ ನಿದ್ದೆ ಮಾಡುತ್ತಾಳೆ, ಅದೂ ಕ್ಷೇತ್ರಕಾರ್ಯವೇ ಎನ್ನುತ್ತಾಳೆ. ನೆಮ್ಮದಿಯಿಲ್ಲದ್ದು ನನಗೆ. ಕೋಣೆಯ ಕಥೆ, ಸೋತವಳು ತನಗೆ ತಾನೇ ಹೇಳಿಕೊಂಡ ಸಮಾಧಾನವೇ? ಅಥವಾ ಕಾರಿನಲ್ಲಿ ಆಡಿದ ಮಾತನ್ನೆಲ್ಲ ಅವಳ ಮೇಲಿನ ಪ್ರೀತಿಗೆ ನಾನೇ ಕಟ್ಟಿಕೊಂಡೆನೇ?

ಕಳೆದ ತಿಂಗಳು ಅಮ್ಮನ ರಕ್ತ ಪರೀಕ್ಷೆಗೆಂದು ಅದೇ ಆಸ್ಪತ್ರೆಗೆ ಹೋಗಿದ್ದೆ. ವರದಿ ಬರುವುದರೊಳಗೆ ಮೆಲ್ಲನೆ ಎದ್ದು ಹಿಂಬದಿಯ ಓಣಿಯ ಕೊನೆಯವರೆಗೂ ನಡೆದೆ. ಅಲ್ಲೊಂದು ಸಣ್ಣ ಬಾಗಿಲು, ಹೊರಗೆ ಒಂದು ಜೊತೆ ಬಿಳಿ ಚಪ್ಪಲಿ. ಇದು ಯಾತರ ಕೋಣೆ ಎಂದು ಹಾದುಹೋಗುತ್ತಿದ್ದ ಆಯಾಳನ್ನು ಕೇಳಿದೆ. ಸಾವಿನ ಸುದ್ದಿ ಹೇಳಿ ಬಂದವರು ಕೂರುವ ಕೋಣೆ, ಈಗ ಒಳಗೆ ಒಬ್ಬರಿದ್ದಾರೆ, ಸ್ವಲ್ಪ ಮೆಲ್ಲ ಮಾತಾಡಿ ಎಂದಳು.

ಉಳಿದದ್ದು ಹೇಗೋ ಏನೋ. ಇದಿಷ್ಟನ್ನು ನಾನೇ ಹೋಗಿ ನೋಡಿದ್ದೇನೆ. ಕೋಣೆ ಇದೆ.