ತಿರುಮಲಮ್ಮನವರ ದೋಷವಿಲ್ಲದ ಬಾಗಿಲು

ಕಿವಿ ಇತ್ತ ತರ್ರಿ. ಮೊದಲು ಆ ಕಿಟಕಿ ಹಾಕ್ರಿ, ಜಂಬಮ್ಮಗ ಗೋಡಿಯಾಚೆ ಪಿಸುಗುಟ್ಟಿದ್ದೂ ಕೇಳಸ್ತೈತಿ. ಈ ಮಾತು ನಿಮ್ಮ ಹೊಟ್ಟಿಯೊಳಗೇ ಸಾಯಬೇಕು, ನಿಮ್ಮ ಮನಿದೇವರಾಣಿ. ಓಣಿಗೆಲ್ಲ ಗೊತ್ತಿರೋದು ಬ್ಯಾರೆ ವಿಷಯ. ನಿಮ್ಮ ಬಾಯಿಂದ ಹೊರಗ ಬಿತ್ತು ಅಂತ ಆಗಬಾರದು.

ಕುರುಗೋಡಿನ ಬಡಗಿಗಳ ಸಹಕಾರ ಸಂಘಕ್ಕೆ ಮರದ ದೋಷ ಹುಡುಕುವ ಯಂತ್ರ ಬಂದದ್ದು ಸತ್ಯ. ತರಿಸಿದವರು ಸಂಘದ ಅಧ್ಯಕ್ಷೆ, ಬಳ್ಳಾರಿಯ ತಿರುಮಲಮ್ಮನವರು. ಅವರು ಜನ್ಮದಲ್ಲಿ ಉಳಿ ಹಿಡಿದವರಲ್ಲ. ಅಧ್ಯಕ್ಷರಾಗಲು ಉಳಿ ಹಿಡಿದಿರಬೇಕೆಂದು ನಿಯಮದಲ್ಲಿ ಎಲ್ಲೂ ಇಲ್ಲ. ಯಂತ್ರ ಮಾರಿದವನು ಅವರ ಸ್ವಂತ ತಮ್ಮ ರಘೋತ್ತಮ. ಅಷ್ಟು ಮಂದಿಯಲ್ಲಿ ಟೆಂಡರು ಒಡಹುಟ್ಟಿದವನಿಗೇ ಒಲಿದದ್ದು ದೈವಸಂಕಲ್ಪವೆಂದು ಸಭೆ ಒಪ್ಪಿತು.

ಯಂತ್ರದ ಕೆಲಸ ಸರಳ. ತೊಲೆ ಒಂದು ಕಡೆಯಿಂದ ಒಳಗೆ ಹೋಗುತ್ತದೆ. ಕ್ಯಾಮೆರಾ ಅದರ ನಾಲ್ಕೂ ಮೈ ನೋಡಿ ಗಂಟು, ಬಿರುಕು, ಕಲೆ, ಹುಳುಕು ಎಲ್ಲಿವೆ ಎಂದು ಗುರುತಿಸುತ್ತದೆ. ಎಲ್ಲಿ ಕೊಯ್ದರೆ ಹೆಚ್ಚು ಮಾಲು ಬರುತ್ತದೆಂದು ತಾನೇ ಲೆಕ್ಕ ಹಾಕಿ, ದೋಷದ ಭಾಗವನ್ನು ಗರಗಸಕ್ಕೆ ಕೊಟ್ಟು ಆಚೆ ಎಸೆಯುತ್ತದೆ. ಎಸೆದ ತುಂಡುಗಳನ್ನು ಸಾಗಿಸುವ ಸೇವೆಯನ್ನು ರಘೋತ್ತಮ ಪುಕ್ಕಟೆ ವಹಿಸಿಕೊಂಡ. ಕುಡತಿನಿ ಹತ್ತಿರ ಅವನದೊಂದು ಇಟ್ಟಂಗಿ ಭಟ್ಟಿ ಇದೆ. ಅಕ್ಕನ ಸಂಘಕ್ಕೆ ಇಷ್ಟಾದರೂ ಮಾಡಬೇಡವೇ?

ಆದರೆ ಬಡಗಿಗಳಲ್ಲಿ ಒಂದು ಪದ್ಧತಿ. ಬಾಗಿಲ ಚೌಕಟ್ಟಿನ ಮರಕ್ಕೆ ಗರಗಸ ತಾಕುವ ಮೊದಲು ಕುಂಕುಮ ಹಚ್ಚಿ ಕೈಮುಗಿಯಬೇಕು. ಯಂತ್ರ ಬಂದ ಮಾತ್ರಕ್ಕೆ ದೇವರು ರಜೆ ಹೋಗುತ್ತಾನೆಯೇ? ಯಂತ್ರ ನಡೆಸುವ ಹುಲಿಗೇಶ ತೊಲೆಯ ನಟ್ಟನಡುವೆ ಬೊಟ್ಟಿಟ್ಟು ಒಳಗೆ ತಳ್ಳಿದ. ಯಂತ್ರ ಬೊಟ್ಟು ನೋಡಿತು. ಕೆಂಪು ಕಲೆ ಎಂದಿತು. ಕತ್ತರಿಸಿತು. ಆಳೆತ್ತರದ ತೊಲೆ ಸೊಂಟದೆತ್ತರದ ಎರಡು ತುಂಡಾಗಿ ಹೊರಬಂತು.

ತುದಿಗೆ ಹಚ್ಚಬಹುದಿತ್ತಲ್ಲ ಅಂತೀರಿ. ಹಣೆಯ ಬೊಟ್ಟನ್ನು ನೀವು ಕಿವಿಗೆ ಇಟ್ಟುಕೊಳ್ಳುತ್ತೀರೇನು?

ಸಿರುಗುಪ್ಪದ ಪಾಲಯ್ಯ ಸಂಘದ ಸದಸ್ಯ. ಅಧ್ಯಕ್ಷರ ಕುರ್ಚಿಯ ಮೇಲೆ ಬಹಳ ದಿನದಿಂದ ಅವನ ಕಣ್ಣು. ಸಭೆಯಲ್ಲಿ ಎದ್ದು ನಿಂತ.

"ಅಮ್ಮಾರ, ಯಂತ್ರ ಕುಂಕುಮ ಕಡಿಯಾಕತ್ತೈತ್ರಿ. ಒಂದೋ ಕುಂಕುಮ ಬಿಡ್ರಿ, ಇಲ್ಲಾ ಯಂತ್ರ ಬಿಡ್ರಿ."

"ಮುತ್ತೈದಿ ಮುಂದ ನಿಂತು ಕುಂಕುಮ ಬಿಡು ಅಂತೀಯೇನಪಾ?" ಅಂದರು ತಿರುಮಲಮ್ಮ.

"ಹಂಗಲ್ರಿ... ಮತ್ತ ಯಂತ್ರ?"

"ಯಂತ್ರದಾಗ ದೋಷ ಹುಡುಕಾಕ ನೀ ಏನು ಯಂತ್ರಾನ?"

ಪಾಲಯ್ಯ ಕುಂತ. ಮರುದಿನ ಸಂಘದ ಗೋಡೆಗೆ ಪ್ರಕಟಣೆ ಬಿತ್ತು: "ಯಂತ್ರವು ತಪ್ಪು ಮಾಡುವುದಿಲ್ಲವಾದ್ದರಿಂದಲೂ, ಪೂಜೆಯನ್ನು ನಿಲ್ಲಿಸಲು ಬರುವುದಿಲ್ಲವಾದ್ದರಿಂದಲೂ, ಮರವು ಅನಗತ್ಯವಾಗಿ ಉದ್ದವಿರುವುದೇ ಸಕಲ ಸಮಸ್ಯೆಗಳ ಮೂಲವೆಂದು ತೀರ್ಮಾನಿಸಲಾಗಿದೆ. ಸದಸ್ಯರು ಭಕ್ತಿಯಲ್ಲಿ ಕೊರತೆ ಮಾಡತಕ್ಕದ್ದಲ್ಲ." ಕಡೆಯ ಸಾಲು ರಘೋತ್ತಮನದು. ಬೊಟ್ಟು ಹೆಚ್ಚಾದಷ್ಟೂ ತುಂಡು ಹೆಚ್ಚು, ತುಂಡು ಹೆಚ್ಚಾದಷ್ಟೂ ಭಟ್ಟಿಗೆ ಉರುವಲು ಹೆಚ್ಚು. ಅವನ ಭಕ್ತಿ ಹೀಗೆ ಬೆಂಕಿಯಲ್ಲಿ ಪುಟಕ್ಕಿಟ್ಟ ಭಕ್ತಿ.

ಇಷ್ಟರಲ್ಲಿ ತಿರುಮಲಮ್ಮನವರ ಕೊರಳಿಗೇ ಬಂತು. ಬಳ್ಳಾರಿಯಲ್ಲಿ ಅವರ ಹೊಸ ಮನೆಗೆ ತಲೆಬಾಗಿಲು ಕೂಡಿಸುವ ಮುಹೂರ್ತ ಗೊತ್ತಾಯಿತು. ಪಾಲಯ್ಯ ಬ್ರೂಸ್‌ಪೇಟೆಯ ಅಂಗಡಿ ಅಂಗಡಿಗೂ ಹೋಗಿ ಹೇಳಿ ಬಂದ: "ಅಮ್ಮಾರು ಸಂಘ ಬಿಟ್ಟು ಹೊರಗಿನ ಬಾಗಲ ತಂದ್ರ ಆ ಕುರ್ಚಿ ನಂದು." ತುಂಡು ಜೋಡಿಸಿ ಅಂಟಿಸೋಣವೆಂದರೆ, ತಲೆಬಾಗಿಲಿಗೆ ಜೋಡು ಮರ ಆಗದೆಂದು ತಿರುಮಲಮ್ಮನವರ ಅತ್ತೆಯವರು ಸಾಯುವಾಗ ಹೇಳಿ ಹೋಗಿದ್ದರು.

ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ತಿರುಮಲಮ್ಮ ಯಂತ್ರದ ಹತ್ತಿರ ಬಂದರು.

"ಹುಲಿಗೇಶ, ನಮ್ಮ ತೊಲಿಗೆ ಬೊಟ್ಟು ಬ್ಯಾಡಪಾ. ಯಾರ ಮುಂದೂ ಹೇಳಬ್ಯಾಡ."

"ಹೇಳಂಗಿಲ್ರಿ ಅಮ್ಮಾರ. ಪೂಜಿ ಇಲ್ದ ಕೊಯ್ದ ಹೊಸ್ತಿಲ ದಾಟಾವ್ರು ನೀವು, ನಿಮ್ಮ ಮಕ್ಕಳು. ನನಗೇನ್ರಿ?"

ಮಕ್ಕಳ ಮಾತು ಬಂದದ್ದೇ ತಿರುಮಲಮ್ಮ ತೊಲೆಗಳ ಕಡೆ ತಿರುಗಿದರು. ತೇಗದ ತೊಲೆಗಳು ನೀಳವಾಗಿ ಮಲಗಿದ್ದವು. ಒಂದು ಗಂಟಿಲ್ಲ, ಒಂದು ಬಿರುಕಿಲ್ಲ. ತಿರುಮಲಮ್ಮ ಕೂಸಿನ ಬೆನ್ನು ಸವರಿದ ಹಾಗೆ ಒಂದು ಸಲ ಕೈಯಾಡಿಸಿದರು. ಆಮೇಲೆ ತಾವೇ ಕುಂಕುಮದಲ್ಲಿ ಬೆರಳದ್ದಿದರು. ಅಧ್ಯಕ್ಷೆಯ ಭಕ್ತಿ ಸದಸ್ಯರಿಗಿಂತ ಕಡಿಮೆ ಎನ್ನಿಸಬಾರದಲ್ಲ! ತೊಲೆಗೆ ಎರಡೆರಡು ಬೊಟ್ಟಿಟ್ಟರು; ಯಂತ್ರ ಒಂದೊಂದನ್ನೂ ಮೂರು ತುಂಡು ಮಾಡಿತು.

ಮುಹೂರ್ತಕ್ಕೆ ಸರಿಯಾಗಿ ಬಾಗಿಲು ನಿಂತಿತು. ಹುಡುಕಿದರೂ ದೋಷ ಸಿಗದು. ಎತ್ತರ ಮಾತ್ರ ತಿರುಮಲಮ್ಮನವರ ಸೊಂಟಕ್ಕಿಂತ ಕೆಳಗೆ. ಪೂಜೆಗೆ ಬಂದ ಆಚಾರ್ರು ಮೊದಲು ಮಂಡಿಯೂರಿ ಒಳಹೊಕ್ಕು, ಮನೆಯನ್ನು ನಮಸ್ಕಾರಪೂರ್ವಕವಾಗಿ ಪ್ರವೇಶಿಸುವುದೇ ಶ್ರೇಷ್ಠವೆಂದು ಅಪ್ಪಣೆ ಕೊಡಿಸಿದರು. ದಕ್ಷಿಣೆ ಒಳಗಿತ್ತು. ಪಾಲಯ್ಯನೂ ಅಂಬೆಗಾಲಿಟ್ಟ. ಹೋಳಿಗೆಯೂ ಒಳಗಿತ್ತು. ಉಂಡು ತೇಗಿ, "ಸಂಘದ ಬಾಗಲಾನ ನಿಂತ ಮ್ಯಾಲ ನಂದೇನೂ ತಕರಾರಿಲ್ಲ" ಎಂದು ಬಂದ ಹಾಗೆಯೇ ತೆವಳಿಕೊಂಡು ಹೋದ. ತಿರುಮಲಮ್ಮನವರ ಕುರ್ಚಿ ಉಳಿಯಿತು.

ಸಂಘ ಇನ್ನೊಂದು ನಿರ್ಣಯ ಕೈಗೊಂಡಿತು: "ಇನ್ನು ಮುಂದೆ ಇದೇ ಪ್ರಮಾಣಿತ ಎತ್ತರ. ಇದನ್ನು ಮೀರಿ ಬೆಳೆದ ವ್ಯಕ್ತಿಗಳನ್ನು ದೋಷವುಳ್ಳವರೆಂದು ಪರಿಗಣಿಸತಕ್ಕದ್ದು." ಸದಸ್ಯರು ಕೈ ಎತ್ತಿ ಒಪ್ಪಿದರು. ಈಗ ಸಿರುಗುಪ್ಪದಲ್ಲೂ ಅಂಥವೇ ಬಾಗಿಲು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಂದಿ ಆರಾಮ ಇದ್ದಾರೆ.

ಮುಹೂರ್ತದ ಆ ದಿನ ತಲೆ ಎತ್ತಿಕೊಂಡು ಒಳಗೆ ಹೋದ ಜೀವ ಒಂದೇ, ಪಕ್ಕದ ಮನೆ ಜಂಬಮ್ಮನ ಆಡು. ಹೋಗುವಾಗ ಮಾವಿನ ತೋರಣವನ್ನೂ ತಿಂದುಕೊಂಡು ಹೋಯಿತು. ಬಯ್ಯಬೇಕೆಂದು ತಿರುಮಲಮ್ಮ ರೇಷ್ಮೆ ಸೀರೆಯಲ್ಲೇ ತೆವಳಿ ಹೊರಗೆ ಬಂದರೆ, ಜಂಬಮ್ಮ ಎದುರಿಗೇ ನಿಂತಿದ್ದಳು. ಬಗ್ಗಿ ಮಾರಿಗೆ ಮಾರಿ ಕೊಟ್ಟು ಅಂದಳು:

"ಯಕ್ಕಾ, ಬಾಗಲ ಭಾಳ ಚಂದ ಐತಿ. ನಮ್ಮ ಆಡಿನ ಮನಿಗೂ ಇಂಥಾದೊಂದು ಹೇಳಿಬಿಡು. ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಕುಂಕುಮ ಹಚ್ಚಿದ್ರ ಮುಂದ ಕಡಿಯಾವ್ರೇ ಅಂತ ನಮ್ಮ ಆಡಿಗೂ ಗೊತ್ತೈತಿ. ನಿಮ್ಮ ಸಂಘದಾಗ ಒಬ್ಬರಿಗೂ ಗೊತ್ತಿರಲಿಲ್ಲೇನು?"